ಹಸಿ ತೂಕ, ಒಣ ತೂಕ: ಪಥ್ಯದ ಮೊದಲ ವಾರ ಕರಗುವುದು ಏನು?

ಮಲೆನಾಡಿನ ಅಡಿಕೆ ಬೆಳೆಗಾರನಿಗೆ ತೂಕದಲ್ಲಿ ಮೋಸ ಮಾಡುವುದು ಸುಲಭದ ಮಾತಲ್ಲ. ಮರದಿಂದ ಇಳಿಸಿದ ಹಸಿ ಅಡಿಕೆ ಕಾಟಾದ ಮೇಲೆ ತೋರಿಸುವ ಅಂಕಿಯನ್ನು ಅವನು ಒಣ ಅಡಿಕೆಯ ಲೆಕ್ಕಕ್ಕೆ ಎಂದೂ ಬೆರೆಸುವುದಿಲ್ಲ. ಒಂದು ಕ್ವಿಂಟಲ್ ಹಸಿ ಕಾಯಿಯನ್ನು ಸುಲಿದು, ಬೇಯಿಸಿ, ಚೊಗರು ಕೊಟ್ಟು, ಅಟ್ಟದ ಮೇಲೆ ಒಣಗಿಸಿದರೆ ಕೈಗೆ ಉಳಿಯುವುದು 12-13 ಕೆ.ಜಿ. ಆಸುಪಾಸು ಎಂಬುದು ಚೇಣಿ (ಮರದ ಮೇಲಿನ ಫಸಲನ್ನೇ ಗುತ್ತಿಗೆ ಕೊಡುವ) ವ್ಯಾಪಾರದಲ್ಲಿ ಮಾತು ಶುರುವಾಗುವ ಮೊದಲೇ ಎರಡೂ ಕಡೆಯವರಿಗೆ ತಿಳಿದಿರುತ್ತದೆ. ಉಳಿದದ್ದೆಲ್ಲ ಸಿಪ್ಪೆ ಮತ್ತು ನೀರು. ಭತ್ತವನ್ನು ಸರ್ಕಾರದ ಖರೀದಿ ಕೇಂದ್ರಕ್ಕೆ ಒಯ್ದರೂ ಅಷ್ಟೆ, ತೇವಾಂಶ ಶೇ. 17ನ್ನು ಮೀರಿದ್ದರೆ ಚೀಲ ಕಾಟಾದ ಹತ್ತಿರವೂ ಹೋಗುವುದಿಲ್ಲ. ಇಷ್ಟು ಎಚ್ಚರದ ಮನುಷ್ಯ, ರಕ್ತದಲ್ಲಿ ಸಕ್ಕರೆ ಹೆಚ್ಚಿದೆ ಎಂದು ವೈದ್ಯರು ಹೇಳಿದ ಮೇಲೆ ಅನ್ನ ಬಿಟ್ಟು ಪಥ್ಯ ಹಿಡಿಯುತ್ತಾನೆ. ಎಂಟನೆಯ ದಿನ ತೂಕದ ಯಂತ್ರ ಮೂರು ಕೆ.ಜಿ. ಕಡಿಮೆ ತೋರಿಸುತ್ತದೆ, ಮೂರು ಕೆ.ಜಿ. ಬೊಜ್ಜು ಕರಗಿತೆಂದು ಅವನು ಊರಿಗೆಲ್ಲ ಹೇಳುತ್ತಾನೆ. ತೋಟದಲ್ಲಿ ಎಂದೂ ಮಾಡದ ತಪ್ಪನ್ನು ಅವನು ತನ್ನ ಮೈಯ ಲೆಕ್ಕದಲ್ಲಿ ಮಾಡಿರುತ್ತಾನೆ: ಹಸಿ ತೂಕವನ್ನು ಒಣ ತೂಕದ ದರಕ್ಕೆ ಕೊಂಡಿರುತ್ತಾನೆ.

ಈ ತಪ್ಪು ಈಗ ಒಬ್ಬಿಬ್ಬರದಾಗಿ ಉಳಿದಿಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಮಹಿಳೆಯರಲ್ಲೂ ಪುರುಷರಲ್ಲೂ ಪ್ರತಿ ಹತ್ತು ಮಂದಿಗೆ ಸುಮಾರು ಮೂವರು ಅಧಿಕ ತೂಕದವರು ಅಥವಾ ಬೊಜ್ಜಿನವರು. ಶಿವಮೊಗ್ಗದ ನೆಹರೂ ಕ್ರೀಡಾಂಗಣದಲ್ಲಿ ಬೆಳಗಿನ ಆರು ಗಂಟೆಗೆ ಸುತ್ತು ಹಾಕುವವರ ಮಾತಿಗೆ ಕಿವಿಗೊಟ್ಟರೆ ಅಡಿಕೆ ಧಾರಣೆಯ ನಂತರ ಹೆಚ್ಚು ಕೇಳಿಬರುವ ಸಂಖ್ಯೆಗಳು ಕೆ.ಜಿ.ಯವು. ‘ಹತ್ತು ದಿನದಲ್ಲಿ ಐದು ಕೆ.ಜಿ.’ ಎಂಬ ಜಾಹೀರಾತು ಮೊಬೈಲಿನಲ್ಲೂ ಬರುತ್ತದೆ, ಗೋಡೆಯ ಮೇಲೂ ಇರುತ್ತದೆ. ಇಂಥ ಜಾಹೀರಾತನ್ನು ಸಾರಾಸಗಟಾಗಿ ಸುಳ್ಳು ಎನ್ನಲು ಬರುವುದಿಲ್ಲ ಎಂಬುದೇ ಇಲ್ಲಿನ ತೊಡಕು. ಹತ್ತು ದಿನದಲ್ಲಿ ನಾಲ್ಕೈದು ಕೆ.ಜಿ. ಇಳಿಯುವುದು ಹಲವರಲ್ಲಿ ನಿಜವಾಗಿಯೂ ನಡೆಯುತ್ತದೆ. ಯಂತ್ರ ತೋರಿಸುವ ಅಂಕಿ ಸರಿಯಾದದ್ದು, ಆ ಅಂಕಿಗೆ ನಾವು ಕೊಡುವ ಹೆಸರು ತಪ್ಪು. ಮೊದಲ ವಾರದ ಹಿಗ್ಗಿಗೆ ಕಾರಣವಾಗುವ ಈ ತಪ್ಪು ಹೆಸರೇ ನಾಲ್ಕನೆಯ ವಾರದ ಹತಾಶೆಗೂ ಕಾರಣವಾಗುತ್ತದೆ ಎಂಬುದು ಈ ಲೇಖನದ ವಾದ.

ವಯಸ್ಕರ ದೇಹದ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ನೀರು. 80 ಕೆ.ಜಿ. ತೂಗುವ ಗಂಡಸಿನ ಮೈಯಲ್ಲಿ 40 ಲೀಟರಿಗೂ ಮಿಕ್ಕಿ ನೀರಿರುತ್ತದೆ. ಅದರಲ್ಲಿ ಒಂದೆರಡು ಲೀಟರ್ ಏರುಪೇರಾಗುವುದಕ್ಕೆ ರೋಗವೇನೂ ಬೇಕಾಗಿಲ್ಲ. ಒಂದು ಊಟ, ಒಂದು ಪ್ರಯಾಣ, ಅಡಿಕೆ ಕೊಯ್ಲಿನ ದಿನದ ಬಿಸಿಲಿನಲ್ಲಿ ಒಂದು ಮಧ್ಯಾಹ್ನ ಸಾಕು. ಆದರೆ ಪಥ್ಯದ ಮೊದಲ ವಾರದ ಇಳಿಕೆ ಇಂಥ ಆಕಸ್ಮಿಕ ಏರುಪೇರಿಗಿಂತ ಭಿನ್ನವಾದದ್ದು, ಅದಕ್ಕೆ ನಿರ್ದಿಷ್ಟ ಕಾರಣಗಳಿವೆ. ನಾವು ತಿನ್ನುವ ಅನ್ನ, ರೊಟ್ಟಿ, ಬೆಲ್ಲದ ಪಿಷ್ಟ-ಸಕ್ಕರೆಗಳಲ್ಲಿ ಆಗಿಂದಾಗ್ಗೆ ಖರ್ಚಾಗದೆ ಉಳಿದದ್ದರ ಒಂದು ಪಾಲನ್ನು ದೇಹ ಗ್ಲೈಕೋಜನ್ ಎಂಬ ರೂಪದಲ್ಲಿ ಕೂಡಿಡುತ್ತದೆ. ಯಕೃತ್ತಿನಲ್ಲಿ ಸುಮಾರು 100 ಗ್ರಾಂ, ಸ್ನಾಯುಗಳಲ್ಲಿ ಸುಮಾರು 400 ಗ್ರಾಂ ಎಂಬುದು ಸಾಮಾನ್ಯ ಅಂದಾಜು. ಗ್ಲೈಕೋಜನ್ ಒಣಗಿದ ಪುಡಿಯಂತೆ ಅಲ್ಲಿ ಕೂತಿರುವುದಿಲ್ಲ. ಪ್ರತಿ ಗ್ರಾಮಿಗೆ ಸುಮಾರು ಮೂರು ಗ್ರಾಂ ನೀರನ್ನು ಹಿಡಿದುಕೊಂಡೇ ಇರುತ್ತದೆ. ಊಟ ಕಡಿಮೆಯಾದಾಗ, ಅದರಲ್ಲೂ ಪಿಷ್ಟ ಕಡಿಮೆಯಾದಾಗ, ದೇಹ ಮೊದಲು ಕೈಹಾಕುವುದು ಈ ಸುಲಭದ ದಾಸ್ತಾನಿಗೆ. 400 ಗ್ರಾಂ ಗ್ಲೈಕೋಜನ್ ಖರ್ಚಾದರೆ ಅದರ ಹಿಂದೆಯೇ 1.2 ಕೆ.ಜಿ. ನೀರು ಮೂತ್ರವಾಗಿ ಹೊರಡುತ್ತದೆ. ಅಲ್ಲಿಗೇ 1.6 ಕೆ.ಜಿ. ಇಳಿದಾಯಿತು, ಅದರಲ್ಲಿ ಕೊಬ್ಬಿನ ಪಾಲು ಸೊನ್ನೆ.

ಎರಡನೆಯ ಕಾರಣ ಉಪ್ಪು. ಪಿಷ್ಟ ಹೆಚ್ಚಿದ ಊಟದ ನಂತರ ರಕ್ತದಲ್ಲಿ ಏರುವ ಇನ್ಸುಲಿನ್, ಸಕ್ಕರೆಯನ್ನು ಜೀವಕೋಶಗಳಿಗೆ ಸೇರಿಸುವುದರ ಜೊತೆಗೆ ಸೋಡಿಯಂ ಬಿಟ್ಟುಕೊಡದಂತೆ ಮೂತ್ರಪಿಂಡಕ್ಕೂ ಸೂಚನೆ ಕೊಡುತ್ತದೆ. ಪಿಷ್ಟ ಕಡಿಮೆಯಾಗಿ ಇನ್ಸುಲಿನ್ ತಗ್ಗಿದಾಗ ಆ ಹಿಡಿತ ಸಡಿಲವಾಗುತ್ತದೆ, ಸೋಡಿಯಂ ಮೂತ್ರದಲ್ಲಿ ಹರಿದುಹೋಗುತ್ತದೆ, ಅದರೊಂದಿಗೆ ನೀರೂ ಹೋಗುತ್ತದೆ. ಎಷ್ಟು ಉಪ್ಪಿಗೆ ಎಷ್ಟು ನೀರು ಎಂಬುದನ್ನು ತಿಳಿಯಲು ಆಸ್ಪತ್ರೆಯ ಸಲೈನ್ ಬಾಟಲಿಯನ್ನು ನೆನೆದರೆ ಸಾಕು: ಒಂದು ಲೀಟರಿಗೆ 9 ಗ್ರಾಂ ಉಪ್ಪು, ನಮ್ಮ ರಕ್ತದ ಲವಣಾಂಶಕ್ಕೆ ಹೊಂದುವ ಪ್ರಮಾಣ. ಅಂದರೆ ದೇಹದಲ್ಲಿ ನಾಲ್ಕೂವರೆ ಗ್ರಾಂ ಉಪ್ಪು ಹೆಚ್ಚಾಗಿ ನಿಂತರೆ ಅರ್ಧ ಲೀಟರ್ ನೀರು ನಿಲ್ಲುತ್ತದೆ, ಅಷ್ಟು ಉಪ್ಪು ಹೊರಟರೆ ಅರ್ಧ ಲೀಟರ್ ಹೊರಡುತ್ತದೆ. ಮಲೆನಾಡಿನ ಅಡುಗೆಮನೆಯಲ್ಲಿ ಈ ಲೆಕ್ಕಕ್ಕೆ ಇನ್ನೂ ಹೆಚ್ಚಿನ ಅರ್ಥವಿದೆ. ಮಳೆಗಾಲಕ್ಕೆಂದು ಕೂಡಿಟ್ಟ ಅಪ್ಪೆಮಿಡಿ ಉಪ್ಪಿನಕಾಯಿ, ಉಪ್ಪಿನಲ್ಲಿಟ್ಟ ಹಲಸಿನ ಸೊಳೆ, ಹಪ್ಪಳ, ಒಣ ಮೀನು ಇವೆಲ್ಲ ಬಾಳುವುದೇ ಉಪ್ಪಿನ ಬಲದಿಂದ. ಗಂಜಿಯೂಟಕ್ಕೆ ಉಪ್ಪಿನಕಾಯಿಯೇ ಜೊತೆ. ಅನ್ನ ಬಿಟ್ಟವನು ಅದರ ಜೊತೆಗೆ ಬರುತ್ತಿದ್ದ ಉಪ್ಪನ್ನೂ ತನಗರಿವಿಲ್ಲದೆ ಅರ್ಧಕ್ಕರ್ಧ ಬಿಟ್ಟಿರುತ್ತಾನೆ. ವಿಶ್ವ ಆರೋಗ್ಯ ಸಂಸ್ಥೆ ದಿನಕ್ಕೆ 5 ಗ್ರಾಮಿಗಿಂತ ಕಡಿಮೆ ಉಪ್ಪು ಸಾಕೆನ್ನುತ್ತದೆ. ಎರಡು ಹೊತ್ತೂ ಉಪ್ಪಿನಕಾಯಿ, ಸಾರು, ಹಪ್ಪಳವಿರುವ ಎಲೆಯಲ್ಲಿ ಆ ಮಿತಿ ಬೇಗ ದಾಟುತ್ತದೆ.

ಇದರ ಮೇಲೆ ಕರುಳಿನಲ್ಲಿರುವ ಆಹಾರದ ಭಾರವೂ ಸೇರಬೇಕು. ಮೂರು ಹೊತ್ತು ಹೊಟ್ಟೆ ತುಂಬ ಉಣ್ಣುತ್ತಿದ್ದವರು ಮಿತವಾಗಿ ತಿನ್ನತೊಡಗಿದರೆ ಒಳಗಿನ ದಾಸ್ತಾನು ಕಡಿಮೆಯಾಗುತ್ತದೆ, ಅದೂ ಯಂತ್ರದ ಮೇಲೆ ಕಾಣುತ್ತದೆ. ಇದರ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ.

ಹಾಗಾದರೆ ಮೊದಲ ವಾರದಲ್ಲಿ ಕೊಬ್ಬು ಕರಗುವುದೇ ಇಲ್ಲವೇ? ಕರಗುತ್ತದೆ, ಆದರೆ ತನ್ನದೇ ನಿಧಾನ ಗತಿಯಲ್ಲಿ. ಒಂದು ಕೆ.ಜಿ. ಬೊಜ್ಜಿನಲ್ಲಿ ಅಡಗಿರುವ ಶಕ್ತಿ ಸುಮಾರು 7,700 ಕ್ಯಾಲೊರಿ. ಶುದ್ಧ ಕೊಬ್ಬಿಗೆ ಗ್ರಾಮಿಗೆ 9 ಕ್ಯಾಲೊರಿಯಾದರೂ ಬೊಜ್ಜಿನ ಅಂಗಾಂಶದಲ್ಲಿ ಸ್ವಲ್ಪ ನೀರೂ ಇತರ ಅಂಶಗಳೂ ಇರುವುದರಿಂದ ಲೆಕ್ಕ ಇಷ್ಟಕ್ಕೆ ಬರುತ್ತದೆ. ಈಗ ಶಿವಮೊಗ್ಗದ ವಿನೋಬನಗರದಲ್ಲಿ ಕೂತು ಮಾಡುವ ಕೆಲಸದಲ್ಲಿರುವ, ದಿನಕ್ಕೆ 2,200 ಕ್ಯಾಲೊರಿ ಖರ್ಚಾಗುವ ಒಬ್ಬರನ್ನು ಊಹಿಸಿಕೊಳ್ಳೋಣ. ಏಳು ದಿನದಲ್ಲಿ ಇವರ ತೂಕ 3.2 ಕೆ.ಜಿ. ಇಳಿಯಿತು. ಅದೆಲ್ಲ ಬೊಜ್ಜೇ ಆಗಿದ್ದರೆ 24,640 ಕ್ಯಾಲೊರಿ ಖೋತಾ ಆಗಿರಬೇಕು, ಎಂದರೆ ದಿನಕ್ಕೆ 3,520. ಇವರ ದಿನದ ಒಟ್ಟು ಖರ್ಚೇ 2,200 ಆಗಿರುವಾಗ 3,520 ಖೋತಾ ಎಲ್ಲಿಂದ ಬರಬೇಕು? ವಾರವಿಡೀ ನೀರು ಬಿಟ್ಟು ಬೇರೇನನ್ನೂ ಮುಟ್ಟದೆ ನಿರಾಹಾರವಿದ್ದರೂ ಖೋತಾ 15,400 ದಾಟುವುದಿಲ್ಲ, ಕರಗಬಹುದಾದ ಬೊಜ್ಜು ಹೆಚ್ಚೆಂದರೆ ಎರಡು ಕೆ.ಜಿ. ಅವರು ನಿಜಕ್ಕೂ ದಿನಕ್ಕೆ 600 ಕ್ಯಾಲೊರಿ ಕಡಿಮೆ ತಿಂದಿದ್ದರೆ, ಅದು ಸಣ್ಣ ಸಾಧನೆಯೇನಲ್ಲ, ಕರಗಿದ ಬೊಜ್ಜು ಸುಮಾರು 550 ಗ್ರಾಂ. ಉಳಿದ 2.65 ಕೆ.ಜಿ.ಯಲ್ಲಿ ಬಹುಪಾಲು ನೀರು. ಈ ಗುಣಾಕಾರ ಭಾಗಾಕಾರಕ್ಕೆ ಪ್ರಾಥಮಿಕ ಶಾಲೆಯ ಗಣಿತ ಸಾಕು. ‘ಹತ್ತು ದಿನದಲ್ಲಿ ಐದು ಕೆ.ಜಿ. ಕೊಬ್ಬು’ ಎಂದು ಯಾರಾದರೂ ಹೇಳಿದಾಗ ಅಲ್ಲಿಯೇ ಇದನ್ನು ಮಾಡಿ ನೋಡಬಹುದು.

ಈ ವಿಷಯವನ್ನು ಪ್ರಯೋಗದಲ್ಲಿ ಅಳೆದು ನೋಡಿದವರೂ ಇದ್ದಾರೆ. 1976ರಲ್ಲಿ ಪ್ರಕಟವಾದ ಯಾಂಗ್ ಮತ್ತು ವ್ಯಾನ್ ಇಟಲಿ ಎಂಬ ಅಮೆರಿಕದ ಸಂಶೋಧಕರ ಅಧ್ಯಯನ ಚಿಕ್ಕದು, ಅದರಲ್ಲಿದ್ದವರು ಆರೇ ಮಂದಿ ಸ್ಥೂಲಕಾಯರು. ಆದರೆ ಅಳತೆ ಕಟ್ಟುನಿಟ್ಟಿನದು. ಒಂದೊಂದು ಬಗೆಯ ಆಹಾರಕ್ರಮವನ್ನು ಹತ್ತು ಹತ್ತು ದಿನ ಪಾಲಿಸಬೇಕಾಗಿತ್ತು. ಪಿಷ್ಟ ತೀರ ಕಡಿಮೆಯಿರುವ 800 ಕ್ಯಾಲೊರಿಯ ಕೀಟೋ ಊಟದಲ್ಲಿ ದಿನಕ್ಕೆ ಸರಾಸರಿ 467 ಗ್ರಾಂ ತೂಕ ಇಳಿಯಿತು. ಅಷ್ಟೇ 800 ಕ್ಯಾಲೊರಿಯ ಮಿಶ್ರ ಊಟದಲ್ಲಿ 278 ಗ್ರಾಂ ಮಾತ್ರ. ಹತ್ತು ದಿನಕ್ಕೆ ಒಂದರಲ್ಲಿ ನಾಲ್ಕೂಮುಕ್ಕಾಲು ಕೆ.ಜಿ.ಯ ಹತ್ತಿರ, ಇನ್ನೊಂದರಲ್ಲಿ ಮೂರು ಕೆ.ಜಿ.ಯೂ ಇಲ್ಲ. ಯಂತ್ರದ ಸಾಕ್ಷ್ಯವನ್ನಷ್ಟೇ ನಂಬಿದರೆ ಕೀಟೋ ಗೆದ್ದಿತು ಎಂದು ತೀರ್ಪು ಕೊಟ್ಟು ಎದ್ದುಬಿಡಬಹುದು. ಆದರೆ ಇಳಿದದ್ದರ ಒಳಗೆ ಏನಿತ್ತೆಂದು ನೋಡಿದಾಗ ಕೀಟೋದಲ್ಲಿ ಶೇ. 61ರಷ್ಟು ನೀರು, ಶೇ. 35ರಷ್ಟು ಕೊಬ್ಬು, ಮಿಶ್ರ ಊಟದಲ್ಲಿ ಶೇ. 37ರಷ್ಟು ನೀರು, ಶೇ. 59.5ರಷ್ಟು ಕೊಬ್ಬು. ಗುಣಿಸಿ ನೋಡಿದರೆ ದಿನಕ್ಕೆ ಕರಗಿದ ಕೊಬ್ಬು ಒಂದರಲ್ಲಿ 163 ಗ್ರಾಂ, ಮತ್ತೊಂದರಲ್ಲಿ 165 ಗ್ರಾಂ. ಹಸಿ ತೂಕದಲ್ಲಿ ಅಷ್ಟೊಂದು ಅಂತರ, ಒಣ ತೂಕದಲ್ಲಿ ಎರಡೇ ಗ್ರಾಮಿನ ವ್ಯತ್ಯಾಸ.

ನಮ್ಮ ಕಡೆ ಈ ಗೊಂದಲದ ಆರೋಪಿ ಅಕ್ಕಿ. ಬೆಳಿಗ್ಗೆ ಅಕ್ಕಿರೊಟ್ಟಿ ಅಥವಾ ಕಡುಬು, ಮಧ್ಯಾಹ್ನ ಅನ್ನ, ರಾತ್ರಿ ಮತ್ತೆ ಅನ್ನ ಅಥವಾ ಗಂಜಿ ಎನ್ನುವ ಊರಿನಲ್ಲಿ ಅನ್ನ ಬಿಟ್ಟವರ ತೂಕ ಒಂದೇ ವಾರದಲ್ಲಿ ಜರ್ರನೆ ಇಳಿಯುವುದನ್ನು ಕಂಡವರು ‘ಅನ್ನವೇ ಬೊಜ್ಜಿನ ಮೂಲ’ ಎಂದು ತೀರ್ಮಾನಿಸುವುದು ಸಹಜ. ಮತ್ತೆ ಅನ್ನ ಉಂಡ ಮರುದಿನ ಒಂದು ಕೆ.ಜಿ. ಏರಿದರಂತೂ ತೀರ್ಮಾನಕ್ಕೆ ಮುದ್ರೆ ಬೀಳುತ್ತದೆ. ವಾಸ್ತವವಾಗಿ ಎರಡೂ ಸಲ ಯಂತ್ರ ಹೇಳಿದ್ದು ಒಂದೇ ಕತೆ: ಗ್ಲೈಕೋಜನ್ ಖಾಲಿಯಾಯಿತು, ನೀರು ಹೋಯಿತು, ಗ್ಲೈಕೋಜನ್ ತುಂಬಿತು, ನೀರು ಬಂತು. ಹೀಗೆಂದ ಮಾತ್ರಕ್ಕೆ ಅಕ್ಕಿಯನ್ನು ಸಂಪೂರ್ಣ ನಿರ್ದೋಷಿಯೆಂದು ಬಿಡುಗಡೆ ಮಾಡಲೂ ಆಗದು. ಭಾರತೀಯರ ಆಹಾರದ ಶಕ್ತಿಯಲ್ಲಿ ಶೇ. 60ಕ್ಕೂ ಹೆಚ್ಚು ಪಾಲು ಪಿಷ್ಟ-ಸಕ್ಕರೆಗಳಿಂದಲೇ ಬರುತ್ತದೆ. 2023ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐ.ಸಿ.ಎಂ.ಆರ್.) ಇಂಡಿಯಾಬ್ ಅಧ್ಯಯನ ದೇಶದಲ್ಲಿ 10 ಕೋಟಿಗೂ ಹೆಚ್ಚು ಮಧುಮೇಹಿಗಳಿದ್ದಾರೆ ಎಂದು ಅಂದಾಜಿಸಿದೆ. ಸಕ್ಕರೆ ಕಾಯಿಲೆಯವರು ತಟ್ಟೆಯಲ್ಲಿ ಅನ್ನದ ಗುಡ್ಡೆಯನ್ನು ತಗ್ಗಿಸಿ ಹುರುಳಿ, ಮೊಳಕೆಕಾಳು, ಮೊಟ್ಟೆ, ಮೀನು, ಸೊಪ್ಪಿಗೆ ಜಾಗ ಮಾಡಿಕೊಡುವುದಕ್ಕೆ ಒಳ್ಳೆಯ ಕಾರಣಗಳಿವೆ, ಹಸಿವು ಹತೋಟಿಗೆ ಬರುವುದೂ ಅದರಲ್ಲೊಂದು. ಮೊದಲ ವಾರದ ಮೂರು ಕೆ.ಜಿ. ಮಾತ್ರ ಆ ಕಾರಣಗಳ ಪಟ್ಟಿಗೆ ಸೇರುವುದಿಲ್ಲ. ದೀರ್ಘಾವಧಿಯಲ್ಲಿ ಅಂತರ ಎಷ್ಟು ಕಿರಿದಾಗುತ್ತದೆ ಎಂಬುದಕ್ಕೆ 2018ರಲ್ಲಿ ಪ್ರಕಟವಾದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಡಯಟ್‌ಫಿಟ್ಸ್ ಪ್ರಯೋಗವನ್ನು ನೋಡಬಹುದು. 609 ಮಂದಿಯಲ್ಲಿ ಒಂದು ಗುಂಪು ಪಿಷ್ಟವನ್ನೂ ಇನ್ನೊಂದು ಗುಂಪು ಜಿಡ್ಡನ್ನೂ ಕಡಿಮೆ ಮಾಡಿತು. ಹನ್ನೆರಡು ತಿಂಗಳ ಬಳಿಕ ಸರಾಸರಿ ಇಳಿಕೆ 6 ಕೆ.ಜಿ. ಮತ್ತು 5.3 ಕೆ.ಜಿ., ಹೇಳಿಕೊಳ್ಳುವಂಥ ವ್ಯತ್ಯಾಸವೇನೂ ಇಲ್ಲ.

ನಾಲ್ಕನೆಯ ವಾರದ ಸಂಕಟ ಇದಕ್ಕಿಂತ ಗಂಭೀರವಾದದ್ದು. ಏಕೆಂದರೆ ಹಿಗ್ಗಿನಿಂದ ಯಾರೂ ಪಥ್ಯ ಬಿಡುವುದಿಲ್ಲ, ಹತಾಶೆಯಿಂದ ಬಿಡುತ್ತಾರೆ. ಗ್ಲೈಕೋಜನ್ ಮತ್ತು ಉಪ್ಪಿನ ನೀರು ಒಮ್ಮೆ ಮಾತ್ರ ಹೊರಡುವಂಥದ್ದು. ಎರಡನೆಯ ವಾರದ ಹೊತ್ತಿಗೆ ಅದು ಮುಗಿದು, ಇಳಿಕೆ ವಾರಕ್ಕೆ ಅರ್ಧ ಕೆ.ಜಿ.ಯ ಸಹಜ ಗತಿಗೆ ಬರುತ್ತದೆ. ಮೊದಲ ವಾರ ಮೂರು ಕೆ.ಜಿ. ಕಂಡ ಕಣ್ಣಿಗೆ ಅರ್ಧ ಕೆ.ಜಿ. ಸೋಲಿನಂತೆ ಕಾಣುತ್ತದೆ. ಆಗ ಬಹಳಷ್ಟು ಮಂದಿ ಹಟ ಹಿಡಿದು ವ್ಯಾಯಾಮ ಶುರು ಮಾಡುತ್ತಾರೆ. ಹೊಸ ವ್ಯಾಯಾಮದಿಂದ ದಣಿದ ಸ್ನಾಯು ತನ್ನ ದುರಸ್ತಿಗಾಗಿ ನೀರು ಹಿಡಿದಿಟ್ಟುಕೊಳ್ಳುತ್ತದೆ. ಮಹಿಳೆಯರಲ್ಲಿ ಮುಟ್ಟಿನ ಹಿಂದಿನ ದಿನಗಳಲ್ಲಿ ನೀರು ನಿಲ್ಲುವುದು ಸಾಮಾನ್ಯ, ಕೆಲವರಲ್ಲಿ ಅದು ಒಂದು ಕೆ.ಜಿ.ಯನ್ನೂ ಮೀರುತ್ತದೆ. ಆದ್ದರಿಂದ ಅವರು ಈ ವಾರವನ್ನು ಹೋದ ವಾರದೊಂದಿಗಲ್ಲ, ಹಿಂದಿನ ತಿಂಗಳ ಇದೇ ದಿನಗಳೊಂದಿಗೆ ಹೋಲಿಸುವುದು ನ್ಯಾಯ. ಹೀಗೆ ಒಂದು ಕಡೆ ಅರ್ಧ ಕೆ.ಜಿ. ಕೊಬ್ಬು ಕರಗಿದ್ದರೂ ಇನ್ನೊಂದು ಕಡೆ ಅರ್ಧ ಕೆ.ಜಿ. ನೀರು ತುಂಬಿ ಯಂತ್ರದ ಮುಳ್ಳು ಅಲುಗಾಡದೆ ನಿಲ್ಲುತ್ತದೆ. ಮೊದಲ ವಾರ ಮಾಡದ ಕೆಲಸಕ್ಕೆ ಹೊಗಳಿದ ಯಂತ್ರ ಈಗ ಮಾಡಿದ ಕೆಲಸಕ್ಕೆ ಸೊನ್ನೆ ಅಂಕ ಕೊಡುತ್ತಿದೆ.

ನೀರು ಕೊಬ್ಬಿನ ಇಳಿಕೆಯನ್ನು ಮುಚ್ಚಿಡಬಲ್ಲದು ಎಂಬುದು ಹಳೆಯ ತಿಳಿವಳಿಕೆ. ಎರಡನೆಯ ಮಹಾಯುದ್ಧದ ಕೊನೆಯ ವರ್ಷಗಳಲ್ಲಿ, 1944-45ರಲ್ಲಿ, ಮಿನೆಸೋಟ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ ಅವರ ನೇತೃತ್ವದಲ್ಲಿ 36 ಯುವಕರು ಸ್ವಇಚ್ಛೆಯಿಂದ 24 ವಾರ ಅರೆಹೊಟ್ಟೆಯಲ್ಲಿದ್ದರು. ಅವರು ತಮ್ಮ ತೂಕದ ಸುಮಾರು ನಾಲ್ಕನೆಯ ಒಂದು ಪಾಲನ್ನು ಕಳೆದುಕೊಂಡರು, ಅದೇ ಹೊತ್ತಿಗೆ ಅವರ ಪಾದ, ಮುಖಗಳಲ್ಲಿ ಬಾವು ಕಾಣಿಸಿಕೊಂಡಿತು. ಎಲುಬು ಕಾಣುವಂತೆ ಸೊರಗಿದ ಮೈಯಲ್ಲಿ ನೀರು ತುಂಬಿ, ಅಂಗಾಂಶ ಎಷ್ಟು ನಷ್ಟವಾಗಿದೆ ಎಂಬುದನ್ನು ತೂಕ ಪೂರ್ತಿಯಾಗಿ ಹೇಳದಂತಾಯಿತು. ನಮ್ಮ ನಿತ್ಯದ ಪಥ್ಯ ಅಷ್ಟು ಕ್ರೂರವಾದದ್ದಲ್ಲ, ಆಗಲೂ ಬಾರದು. ತೂಕವೂ ದೇಹದ ಸ್ಥಿತಿಯೂ ಬೇರೆ ಬೇರೆ ದಾರಿ ಹಿಡಿಯಬಹುದು ಎಂಬುದಕ್ಕೆ ಅದೊಂದು ತೀವ್ರ ನಿದರ್ಶನ.

ಇಳಿಕೆ ನಿಧಾನವಾಗುವುದಕ್ಕೆಲ್ಲ ನೀರನ್ನೇ ಹೊಣೆ ಮಾಡುವುದೂ ಸರಿಯಲ್ಲ. 7,700ರ ಲೆಕ್ಕ 1958ರಲ್ಲಿ ಮ್ಯಾಕ್ಸ್ ವಿಷ್ನೋಫ್ಸ್ಕಿ ಎಂಬ ಅಮೆರಿಕದ ವೈದ್ಯರು ಒಂದು ಪೌಂಡಿಗೆ 3,500 ಕ್ಯಾಲೊರಿ ಎಂದು ಹಾಕಿಕೊಟ್ಟದ್ದು. ಕೆಲವು ವಾರಗಳ ಅಂದಾಜಿಗೆ ಅದು ನಡೆಯುತ್ತದೆ, ವರ್ಷಗಳಿಗೆ ಹಿಗ್ಗಿಸಿದರೆ ಸೋಲುತ್ತದೆ. ಮೈ ಇಳಿದಂತೆ ಅದರ ದಿನದ ಖರ್ಚೂ ಇಳಿಯುವುದರಿಂದ ಅಷ್ಟೇ ಊಟಕ್ಕೆ ಖೋತಾ ಕಿರಿದಾಗುತ್ತಾ ಹೋಗುತ್ತದೆ. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ಕೆವಿನ್ ಹಾಲ್ ಮತ್ತು ಸಂಗಡಿಗರು 2011ರಲ್ಲಿ ಈ ಬದಲಾವಣೆಯನ್ನು ಒಳಗೊಂಡ ಗಣಿತ ಮಾದರಿಯನ್ನೇ ಪ್ರಕಟಿಸಿದರು. ಆದರೆ ಆರನೆಯ ತಿಂಗಳ ನಿಲುಗಡೆಗೆ ಈ ವಿವರಣೆ ಹೊಂದುವಷ್ಟು ನಾಲ್ಕನೆಯ ವಾರದ ನಿಲುಗಡೆಗೆ ಹೊಂದುವುದಿಲ್ಲ. ಅಷ್ಟು ಬೇಗ ನಿಂತದ್ದರ ಹಿಂದೆ ಸಾಮಾನ್ಯವಾಗಿ ನೀರಿರುತ್ತದೆ, ಇಲ್ಲವೇ ಲೆಕ್ಕಕ್ಕೆ ಹಿಡಿಯದ ತಿಂಡಿಯಿರುತ್ತದೆ. (ಎರಡನೆಯದನ್ನು ಒಪ್ಪಿಕೊಳ್ಳುವುದು ನಮಗೆಲ್ಲ ಕಷ್ಟ. ಸಂಜೆಯ ಕಾಫಿಯ ಜೊತೆಗಿನ ಕೋಡುಬಳೆ ಯಾರ ಲೆಕ್ಕದಲ್ಲೂ ಇರುವುದಿಲ್ಲ.)

ನೀರನ್ನು ಹಿಂಡಿ ತೆಗೆದು ಅದನ್ನೇ ಕೊಬ್ಬೆಂದು ಮಾರುವ ವಿದ್ಯೆಗಳ ಕುರಿತು ಒಂದು ಮಾತು. ಹೊಟ್ಟೆಗೆ ಬಿಗಿಯುವ ಬೆವರಿನ ಬೆಲ್ಟು, ಹಬೆಯ ಪೆಟ್ಟಿಗೆ, ಪ್ಲಾಸ್ಟಿಕ್ ಅಂಗಿ ತೊಟ್ಟು ಓಡುವುದು ಇವೆಲ್ಲ ತೂಕ ಇಳಿಸುವುದು ನಿಜ. ಎರಡು ಲೋಟ ನೀರು ಕುಡಿದರೆ ಅದು ಮರಳುವುದೂ ಅಷ್ಟೇ ನಿಜ. ಕೊಬ್ಬು ಬೆವರಾಗಿ ಸೋರುವುದಿಲ್ಲ, ಅದು ಹೆಚ್ಚಾಗಿ ಹೊರಡುವುದು ಉಸಿರಿನಲ್ಲಿ. 2014ರಲ್ಲಿ ಆಸ್ಟ್ರೇಲಿಯಾದ ಮೀರ್ಮನ್ ಮತ್ತು ಬ್ರೌನ್ ತೋರಿಸಿದಂತೆ 10 ಕೆ.ಜಿ. ಕೊಬ್ಬು ಪೂರ್ತಿ ಉರಿದರೆ 8.4 ಕೆ.ಜಿ. ಇಂಗಾಲದ ಡೈಆಕ್ಸೈಡ್ ಆಗಿ ಶ್ವಾಸಕೋಶದಿಂದ ಹೋಗುತ್ತದೆ, ಉಳಿದ 1.6 ಕೆ.ಜಿ. ನೀರಾಗುತ್ತದೆ. ನೀರು ಹಿಂಡುವ ಕಲೆಯನ್ನು ಅದರ ಅಂಚಿನವರೆಗೆ ಒಯ್ಯುವವರು ತೂಕದ ವರ್ಗಗಳಲ್ಲಿ ಸೆಣಸುವ ಕ್ರೀಡಾಪಟುಗಳು. 2024ರ ಆಗಸ್ಟ್ 7ರಂದು ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ವಿನೇಶ್ ಫೋಗಟ್ ಅವರು 50 ಕೆ.ಜಿ. ವಿಭಾಗದ ಫೈನಲಿನ ಬೆಳಿಗ್ಗೆ ಕೇವಲ 100 ಗ್ರಾಂ ಹೆಚ್ಚಿದ್ದ ಕಾರಣಕ್ಕೆ ಅನರ್ಹರಾದದ್ದನ್ನು ದೇಶವೇ ನೋಡಿತು. ಹಿಂದಿನ ದಿನದ ತೂಕ ಪರೀಕ್ಷೆಯಲ್ಲಿ ಮಿತಿಯೊಳಗಿದ್ದ ಅವರು ಕುಸ್ತಿಗಳ ನಡುವೆ ತಿಂದು ಕುಡಿದದ್ದರಿಂದ ಏರಿದ ತೂಕವನ್ನು ಇಡೀ ರಾತ್ರಿ ಬೆವರಿಳಿಸಿ ತಗ್ಗಿಸಬೇಕಾಯಿತು. ಒಂದು ಹಗಲು, ಒಂದು ಇರುಳಿನ ಆ ಏರಿಳಿತದಲ್ಲಿ ಕೊಬ್ಬಿನ ಪಾತ್ರ ನಗಣ್ಯ.

ಇನ್ನು ಕೊಬ್ಬಿನ ಶೇಕಡಾವಾರು ತೋರಿಸುವ ಹೊಸ ಯಂತ್ರಗಳು. ಬರಿಗಾಲಿನಲ್ಲಿ ನಿಂತಾಗ ಅವು ಸಣ್ಣ ವಿದ್ಯುತ್ತನ್ನು ಮೈಯಲ್ಲಿ ಹರಿಸಿ ಅದಕ್ಕೆ ಎದುರಾಗುವ ತಡೆಯನ್ನು ಅಳೆಯುತ್ತವೆ. ವಿದ್ಯುತ್ತು ಸಲೀಸಾಗಿ ಹರಿಯುವುದು ನೀರಿನಲ್ಲಿ. ಆದ್ದರಿಂದ ಅವು ಮೂಲತಃ ಅಂದಾಜಿಸುವುದು ನೀರನ್ನು, ಕೊಬ್ಬನ್ನು ಅದರಿಂದ ಊಹಿಸುತ್ತವೆ. ಬೆವರಿ ಬಂದು ನಿಂತರೆ ನಿಮ್ಮ ಕೊಬ್ಬು ಹೆಚ್ಚಾಗಿದೆ ಎಂದು ಅದು ಹೇಳಿದರೆ ಆಶ್ಚರ್ಯವಿಲ್ಲ. ಪ್ರಶ್ನೆ ನೀರಿನದೇ ಆಗಿರುವಾಗ ನೀರಿನ ಮೇಲೆಯೇ ನಿಂತ ಸಾಕ್ಷಿಯನ್ನು ಹೆಚ್ಚು ನೆಚ್ಚಬಾರದು.

2025ರಲ್ಲಿ ತೂಕ ಇಳಿಸುವ ಮೌಂಜಾರೊ, ವೆಗೋವಿ ಚುಚ್ಚುಮದ್ದುಗಳು ಭಾರತದ ಮಾರುಕಟ್ಟೆಗೆ ಬಂದ ಮೇಲೆ ಇದೇ ಪ್ರಶ್ನೆ ಇನ್ನೊಂದು ರೂಪದಲ್ಲಿ ಎದ್ದಿದೆ. ಈ ಔಷಧಿಗಳ ಪ್ರಯೋಗಗಳಲ್ಲಿ ಇಳಿದ ತೂಕದ ಕಾಲು ಭಾಗದಿಂದ ಹಿಡಿದು ಐದರಲ್ಲಿ ಎರಡು ಭಾಗದವರೆಗೆ ಕೊಬ್ಬಲ್ಲದ ಅಂಶವಾಗಿತ್ತು. ಅದೆಲ್ಲ ಸ್ನಾಯುವೇ ಎಂದು ಗಾಬರಿಯಾಗಬೇಕಿಲ್ಲ, ಕೊಬ್ಬಲ್ಲದ ಅಂಶದಲ್ಲಿ ನೀರೂ ಸೇರಿದೆ. ಆದರೆ ಸ್ನಾಯುವಿನ ಪಾಲೂ ಇದ್ದೇ ಇದೆ. ಮದ್ದಿನಿಂದಾಗಲಿ ಪಥ್ಯದಿಂದಾಗಲಿ ವೇಗವಾಗಿ ಇಳಿಯುವವರು ಪ್ರೋಟೀನ್ ಕಡಿಮೆ ಮಾಡಿಕೊಂಡು, ಭಾರ ಎತ್ತುವ ಕೆಲಸವನ್ನೂ ಬಿಟ್ಟುಬಿಟ್ಟರೆ ಆ ಪಾಲು ದೊಡ್ಡದಾಗುತ್ತದೆ. ಮೊದಲ ವಾರ ಕಳೆದುಕೊಂಡ ನೀರು ಒಂದು ಊಟಕ್ಕೆ ಮರಳುತ್ತದೆ. ಐವತ್ತು ದಾಟಿದ ಮೇಲೆ ಕಳೆದುಕೊಂಡ ಸ್ನಾಯು ಅಷ್ಟು ಸುಲಭಕ್ಕೆ ಮರಳುವುದಿಲ್ಲ.

ಮೊದಲ ವಾರಗಳ ಇಳಿಕೆಯನ್ನು ಇಷ್ಟೆಲ್ಲ ಟೀಕಿಸಿದ ಮೇಲೆ ಅದರ ಪರವಾದ ಒಂದು ಸಾಕ್ಷ್ಯವನ್ನು ಮುಚ್ಚಿಡುವುದು ಸರಿಯಾಗದು. ಎರಡನೆಯ ಬಗೆಯ ಮಧುಮೇಹವಿರುವ ಐದು ಸಾವಿರಕ್ಕೂ ಹೆಚ್ಚು ಮಂದಿಯನ್ನು ವರ್ಷಗಟ್ಟಲೆ ಗಮನಿಸಿದ ಅಮೆರಿಕದ ಲುಕ್ ಅಹೆಡ್ ಪ್ರಯೋಗದಲ್ಲಿ, ಮೊದಲ ಒಂದೆರಡು ತಿಂಗಳಲ್ಲಿ ಚೆನ್ನಾಗಿ ಇಳಿದವರೇ ವರ್ಷಗಳ ನಂತರವೂ ಹೆಚ್ಚು ಇಳಿಕೆ ಉಳಿಸಿಕೊಂಡವರಲ್ಲಿ ಮುಂದಿದ್ದರು. ಆರಂಭದ ಉತ್ಸಾಹಕ್ಕೆ ಬೆಲೆಯಿದೆ ಎಂದೇ ಇದರ ಅರ್ಥ. ಆದರೆ ಅಲ್ಲಿ ಗಣನೆಗೆ ಬಂದದ್ದು ಒಂದೆರಡು ತಿಂಗಳ ಅವಧಿ. ಅಷ್ಟರಲ್ಲಿ ನೀರಿನ ಆಟ ಮುಗಿದು ಕೊಬ್ಬಿನ ಲೆಕ್ಕ ಶುರುವಾಗಿರುತ್ತದೆ. ಹತ್ತು ದಿನದ ಜಾಹೀರಾತಿಗೆ ಈ ಸಾಕ್ಷ್ಯವನ್ನು ಅಂಟಿಸಲು ಬರುವುದಿಲ್ಲ.

ನೀರು ಮತ್ತು ಉಪ್ಪು ಒಮ್ಮೆಲೇ ಹೊರಡುವುದು ಎಲ್ಲರಿಗೂ ನಿರಪಾಯವಲ್ಲ. ಪಿಷ್ಟ ಬಿಟ್ಟ ಮೊದಲ ದಿನಗಳ ತಲೆನೋವು, ಸುಸ್ತು, ಎದ್ದು ನಿಂತಾಗ ಬರುವ ತಲೆಸುತ್ತಿಗೆ ಬಹುಮಟ್ಟಿಗೆ ಇದೇ ಕಾರಣ. ಬಿ.ಪಿ.ಗೆಂದು ಮಾತ್ರೆ ನುಂಗುವವರು, ಅದರಲ್ಲೂ ಮೂತ್ರ ಹೆಚ್ಚಿಸುವ ಮಾತ್ರೆಯಲ್ಲಿರುವವರು, ಒಮ್ಮೆಲೇ ಅನ್ನ ಬಿಟ್ಟರೆ ರಕ್ತದೊತ್ತಡ ಬೇಕಾದುದಕ್ಕಿಂತ ಕೆಳಗಿಳಿಯಬಹುದು. ಇನ್ಸುಲಿನ್ ತೆಗೆದುಕೊಳ್ಳುವವರಲ್ಲಿ ಹಾಗೂ ಇನ್ಸುಲಿನ್ ಸ್ರವಿಸುವಂತೆ ಮಾಡುವ ಕೆಲವು ಮಾತ್ರೆಗಳಲ್ಲಿರುವವರಲ್ಲಿ ಸಕ್ಕರೆ ಅಪಾಯದ ಮಟ್ಟಕ್ಕೆ ಕುಸಿಯಬಹುದು. ಇವರು ಮಾತ್ರೆಯ ಪ್ರಮಾಣವನ್ನು ವೈದ್ಯರಲ್ಲಿ ಮಾತಾಡಿಕೊಂಡೇ ಪಥ್ಯ ಶುರು ಮಾಡಬೇಕು. ನಾಲ್ಕು ದಿನ ನೋಡಿ ಆಮೇಲೆ ಕೇಳೋಣ ಎನ್ನುವ ನಮ್ಮ ರೂಢಿ ಇಲ್ಲಿ ಕೆಲಸಕ್ಕೆ ಬಾರದು. ತೂಕ ಇಳಿಸಲೆಂದೇ ಮೂತ್ರದ ಮಾತ್ರೆ ಅಥವಾ ಭೇದಿಯ ಮದ್ದು ನುಂಗುವುದು ಶುದ್ಧ ಅವಿವೇಕ.

ಹಾಗಿದ್ದರೆ ಒಣ ತೂಕವನ್ನು ಮನೆಯಲ್ಲಿ ಅಳೆಯುವುದು ಹೇಗೆ? ನಿಖರವಾಗಿ ಸಾಧ್ಯವಿಲ್ಲ, ಅಂದಾಜಿಗೆ ದಾರಿಯಿದೆ. ಬೆಳಿಗ್ಗೆ ಶೌಚ ಮುಗಿಸಿ, ಕಾಫಿಗೆ ಮೊದಲು, ಒಂದೇ ಯಂತ್ರದ ಮೇಲೆ ನಿಂತು ದಿನವೂ ಬರೆದಿಡುವುದು; ಯಾವ ಒಂದು ದಿನದ ಅಂಕಿಯನ್ನೂ ನಂಬದೆ ಏಳು ದಿನದ ಸರಾಸರಿಯನ್ನು ಹಿಂದಿನ ಏಳು ದಿನದ ಸರಾಸರಿಯೊಂದಿಗೆ ಹೋಲಿಸುವುದು; ಮೊದಲ ಹತ್ತು ದಿನವನ್ನು ಲೆಕ್ಕದಿಂದಲೇ ಕೈಬಿಟ್ಟು, ಹನ್ನೊಂದನೆಯ ದಿನದಿಂದ ಎಣಿಕೆ ಶುರು ಮಾಡುವುದು. ಜೊತೆಗೆ ದರ್ಜಿಯ ಟೇಪು. ಸೊಂಟದ ಸುತ್ತಳತೆ ಗಂಡಸರಲ್ಲಿ 90 ಸೆ.ಮೀ., ಹೆಂಗಸರಲ್ಲಿ 80 ಸೆ.ಮೀ. ಮೀರಬಾರದು ಎಂಬುದು ಭಾರತೀಯರಿಗೆ ಬಳಸುವ ಮಿತಿ, ಹದಿನೈದು ದಿನಕ್ಕೊಮ್ಮೆ ಅದನ್ನು ನೋಡಿದರೆ ಸಾಕು. ಬೆಲ್ಟಿನ ತೂತು, ರವಿಕೆಯ ಬಿಗಿ ಕೂಡ ಒಳ್ಳೆಯ ಸಾಕ್ಷಿಗಳೇ. ಪಂಚೆ ಉಡುವವರಿಗೆ ಈ ಸೌಕರ್ಯವಿಲ್ಲ. ಆ ಉಡುಪು ಎಷ್ಟು ಬೊಜ್ಜನ್ನೂ ದೂರಿಲ್ಲದೆ ಒಪ್ಪಿಕೊಳ್ಳುತ್ತದೆ.

ಹೀಗೆ ದಿನವೂ ತೂಕ ಬರೆದಿಡುವ ಪುಸ್ತಕ ಇಟ್ಟುಕೊಂಡವರಿಗೆ ಮದುವೆಮನೆಯೂ ಹೆದರಿಕೆ ಹುಟ್ಟಿಸುವುದಿಲ್ಲ. ಭಾನುವಾರ ತೀರ್ಥಹಳ್ಳಿಯ ಮದುವೆಯಲ್ಲಿ ಹೋಳಿಗೆ, ಚಿತ್ರಾನ್ನ, ಉಪ್ಪಿನಕಾಯಿ, ಹಪ್ಪಳದ ಊಟವಾಯಿತು. ಸೋಮವಾರ ಬೆಳಿಗ್ಗೆ ತೂಕ ಒಂದೂವರೆ ಕೆ.ಜಿ. ಹೆಚ್ಚಿತ್ತು ಎಂದಿಟ್ಟುಕೊಳ್ಳೋಣ. ಅದು ಬೊಜ್ಜಾಗಿದ್ದರೆ ನಿತ್ಯದ ಊಟದ ಮೇಲೆ 11,550 ಕ್ಯಾಲೊರಿ ಹೆಚ್ಚು ತಿಂದಿರಬೇಕು. ತುಪ್ಪ ಹಾಕಿದ ದೊಡ್ಡ ಹೋಳಿಗೆಗೆ 300 ಕ್ಯಾಲೊರಿಯಂತೆ ಹಿಡಿದರೂ 38 ಹೋಳಿಗೆ. ಒಂದೇ ಪಂಕ್ತಿಯಲ್ಲಿ ಅಷ್ಟು ತಿಂದವರು ನಮ್ಮ ಸೀಮೆಯಲ್ಲಿ ಒಂದು ಕಾಲಕ್ಕೆ ಇದ್ದರು ಎಂದು ಹಿರಿಯರು ಹೇಳುವುದುಂಟು. ಈಗಿನವರು ನಾಲ್ಕಕ್ಕೆ ಎಲೆಗೆ ಕೈ ಅಡ್ಡ ಹಿಡಿಯುತ್ತಾರೆ. ಆ ನಾಲ್ಕು ಹೋಳಿಗೆಯಿಂದ ಬರಬಹುದಾದ ಬೊಜ್ಜು 150-160 ಗ್ರಾಂ. ಉಳಿದದ್ದು ಗ್ಲೈಕೋಜನ್ ಮತ್ತೆ ತುಂಬಿಕೊಂಡಾಗ ಬಂದ ನೀರು, ಉಪ್ಪಿನಕಾಯಿ ಹಿಡಿದಿಟ್ಟ ನೀರು, ಇನ್ನೂ ಜೀರ್ಣವಾಗದ ಊಟ. ಮಂಗಳವಾರದಿಂದ ಎಂದಿನ ಊಟಕ್ಕೆ ಮರಳಿದರೆ ಗುರುವಾರ-ಶುಕ್ರವಾರದ ಹೊತ್ತಿಗೆ ಅದರ ಬಹುಪಾಲು ಬಂದ ದಾರಿಯಲ್ಲೇ ಹೊರಟುಹೋಗಿರುತ್ತದೆ.